ಅಂಬಾಸಿಡರ್‌ನಲ್ಲಿ ಬಂದ ಮೊಮ್ಮಗಳು

ಮೊದಲು ಸಿಹಿಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನಮಗೆ ಮೊಮ್ಮಗಳು ಹುಟ್ಟಿದ್ದಾಳೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಇವತ್ತು ಆಸ್ಪತ್ರೆಯಿಂದ ಮನೆಗೂ ಬಂದಳು, ಅದೂ ಅಂಬಾಸಿಡರ್ ಕಾರಿನಲ್ಲಿ. ಮಲೇಷ್ಯಾದಲ್ಲಿ ಅಂಬಾಸಿಡರ್ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಅದು ಅಂಬಾಸಿಡರ್ ಅಲ್ಲವೇ ಅಲ್ಲ ಎಂದು ಮನೆಯವರೂ ಹೇಳುತ್ತಾರೆ. ಯಾರು ಸರಿ ಎಂದು ನನಗೆ ಈಗಲೂ ಗೊತ್ತಾಗಿಲ್ಲ. ಗೊತ್ತಾದಷ್ಟನ್ನು ಬರೆಯುತ್ತೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಲ್ಲಲ್ಲಿ ದಾರಿ ತಪ್ಪಿದರೆ ನೀವೇ ಕೈಹಿಡಿದು ರಸ್ತೆಗೆ ತಂದುಕೊಳ್ಳಿ.

ತಿಪಟೂರಿನ ಬಸ್ ಸ್ಟ್ಯಾಂಡಿನ ಎದುರು ನಮ್ಮಪ್ಪನದು ಸೋಡಾ ಅಂಗಡಿ. ಅಲ್ಲಿ ಕೂತು ನಾನು ಅಕ್ಷರಕ್ಕಿಂತ ಮೊದಲು ಕಲಿತದ್ದು ಕಾರುಗಳ ಮುಖ. ಡಾಕ್ಟರ ಮಾರಿಸ್ ಮೈನರ್‌ಗೆ ಎರಡೂ ಕೆನ್ನೆಗೆ ಕಡುಬು ತುರುಕಿಕೊಂಡ ಮುಖ. ಎಣ್ಣೆ ಗಿರಣಿ ಸಾಹುಕಾರರ ಹಿಲ್‌ಮನ್‌ಗೆ ಊಟ ಸೇರದ ಬೀಗರ ಮುಖ. ಹೆಡ್‌ಮಾಸ್ಟರ ಹೆರಾಲ್ಡ್ ಮಾತ್ರ ಹುಬ್ಬೇರಿಸಿಕೊಂಡು, ಹೊಸ ಸೊಸೆಯ ಸೀರೆ ನೋಡುವ ನಾದಿನಿಯಂತೆ ನಿಂತಿರುತ್ತಿತ್ತು. ಇವೆಲ್ಲ ಇಂಗ್ಲಿಷರ ಜಾತಿ, ಅಂಬಾಸಿಡರ್ ಒಂದೇ ನಮ್ಮದು ಎಂದು ಅಪ್ಪ ಹೇಳಿಕೊಟ್ಟಿದ್ದರು. ನಾನು ಮದುವೆಯಾಗಿ ಗಂಡನ ಮನೆಗೆ ಹೋದದ್ದು ಅಂಬಾಸಿಡರ್‌ನಲ್ಲಿ. ಮಡಿಲಲ್ಲಿ ಯಾರದೋ ಮಗು, ಕಾಲಡಿ ಹಿತ್ತಾಳೆ ಹಂಡೆ. ಮಗಳು ಸುಧಾ ಹುಟ್ಟಿದಾಗ ಅವಳನ್ನು ಮನೆಗೆ ತಂದದ್ದೂ ಅಂಬಾಸಿಡರ್ ಟ್ಯಾಕ್ಸಿಯಲ್ಲೇ. ಹಾಗಾಗಿ ಸುಧಾಳ ಬಾಣಂತನಕ್ಕೆಂದು ಯಜಮಾನರ ಜೊತೆ ವಿಮಾನ ಹತ್ತುವಾಗ ನನ್ನ ಮನಸ್ಸಿನಲ್ಲಿ ಒಂದು ಆಸೆ ಇತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ.

ಇಲ್ಲಿ ಪೆಟಾಲಿಂಗ್ ಜಯಾಕ್ಕೆ ಬಂದು ನೋಡಿದರೆ ನನ್ನ ವಿದ್ಯೆಯೆಲ್ಲ ನೀರುಪಾಲು. ಎಲ್ಲ ಕಾರಿಗೂ ಒಂದೇ ಮುಖ, ಒಂದೇ ಅಂಗಡಿಯ ಸೋಪಿನ ಬಿಲ್ಲೆಗಳಂತೆ. ಬಂದ ವಾರವೇ ಅಳಿಯ ಮಹೇಶ ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ರೊಟ್ಟಿ ಕಟ್ಟಿಸಿಕೊಳ್ಳಲು ಇಳಿದ. ಸೆಖೆಯೆಂದು ನಾನೂ ಇಳಿದು ನಿಂತು, ಮತ್ತೆ ಬಂದು ನಮ್ಮ ಬಿಳಿ ಕಾರಿನಲ್ಲಿ ಕೂತೆ. ಬೆಲ್ಟ್ ಹಾಕಿಕೊಂಡು, "ಮಹೇಶಪ್ಪ, ಏಸಿ ಸ್ವಲ್ಪ ಕಡಿಮೆ ಮಾಡು" ಎಂದೆ. ಮುಂದಿನ ಸೀಟಿನಿಂದ ತಿರುಗಿದ್ದು ಯಾರೋ ಮಲಯ್ ಹೆಂಗಸು. ಪಾಪ, ಬೈಯಲಿಲ್ಲ, ಏಸಿ ಕಡಿಮೆ ಮಾಡಿದಳು. ಅಂದಿನಿಂದ ನಾನು ಹೊಸ ಕಾರುಗಳನ್ನು ನೋಡುವುದು ಬಿಟ್ಟು ಹಳೆಯವನ್ನು ಹುಡುಕತೊಡಗಿದೆ. ಬಾಂಗ್ಸಾರ್‌ನ ಕಾಫಿ ಅಂಗಡಿಯ ಮುಂದೆ ಒಂದು ಮಾರಿಸ್ ಮೈನರ್ ಕಂಡು, ಡಾಕ್ಟರೇ ಎದುರಿಗೆ ಬಂದಂತಾಗಿ ಸೆರಗು ಸರಿಮಾಡಿಕೊಂಡೆ.

ಆಮೇಲೆ, ಎದುರು ಮನೆಯ ಸೆಲ್ವಂ ಅವರ ಶೆಡ್ಡಿನ ಬಾಗಿಲು ಒಂದು ದಿನ ತೆರೆಯಿತು. ಒಳಗೆ ಕೆನೆ ಬಣ್ಣದ ಅಂಬಾಸಿಡರ್. ಸೆಲ್ವಂ ಇಲ್ಲೇ ಹುಟ್ಟಿ ಬೆಳೆದ ತಮಿಳರು, ನನ್ನದೇ ವಯಸ್ಸು. ಅವರು ನನ್ನನ್ನು ಅಮ್ಮಾ ಅನ್ನುತ್ತಾರೆ, ನಾನು ಅವರನ್ನು ಅಣ್ಣ ಅನ್ನುತ್ತೇನೆ. ಇದರಲ್ಲಿ ಸಂಬಂಧ ಏನಾಯಿತು ಎಂದು ಕೇಳಬೇಡಿ. ನಾನು ಕಾರಿನ ಮೈದಡವಿ, "ಅಣ್ಣ, ನಮ್ಮೂರಿಂದ ಯಾವಾಗ ತರಿಸಿದಿರಿ?" ಎಂದೆ.

"ಉಂಗ ಊರ್ ಕಾರ್ ಇಲ್ಲೆಮ್ಮಾ. ಇದು ಮಾರಿಸ್ ಆಕ್ಸ್‌ಫರ್ಡ್, ಇಂಗ್ಲೆಂಡ್ ಕಾರ್ ಲಾ. ಎಂಗ ಅಪ್ಪಾ ವಾಂಗಿನದು."

"ಅಂಗಡಿಯವನು ನಿಮ್ಮಪ್ಪನಿಗೆ ಏನೋ ಹೇಳಿ ಮಾರಿದ್ದಾನೆ. ಇದು ಅಂಬಾಸಿಡರ್."

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಪೇಪರ್ ಓದುವವರು. "ಅವರು ಹೇಳಿದ್ದೇ ಸರಿ ಕಣೇ. ಅದು ಮೊದಲು ಹುಟ್ಟಿದ್ದು ಇಂಗ್ಲೆಂಡಲ್ಲಿ. ಅಚ್ಚು ತರಿಸಿ ನಮ್ಮವರು ನಮ್ಮ ದೇಶದಲ್ಲಿ ಎರಕ ಹೊಯ್ದು ಅಂಬಾಸಿಡರ್ ಅಂದ್ರು."

"ಹಾಗಾದ್ರೆ ಇದು ಅಂಬಾಸಿಡರ್‌ನ ಅಪ್ಪನಾ?"

"ಅಪ್ಪ ಅಲ್ವೇ, ಅದೇ."

"ಅದೇ ಆದ್ರೆ ಹಾಗೇ ಕರೆದ್ರೆ ಏನ್ರೀ ತಪ್ಪು?"

ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನನ್ನ ತಲೆ ಅಂದಿನಿಂದ ಗಿರ್ರೆನ್ನುತ್ತಿದೆ. ಹಾಗಾದರೆ ನಮ್ಮ ಮಂತ್ರಿಗಳೆಲ್ಲ ಅಷ್ಟು ವರ್ಷ ಇಂಗ್ಲಿಷರ ಕಾರಿನಲ್ಲೇ ಕೂತು ಸ್ವದೇಶಿ ಭಾಷಣಕ್ಕೆ ಹೋಗುತ್ತಿದ್ದರೇ? ನನ್ನ ಅಪ್ಪ ಹೇಳಿಕೊಟ್ಟ ಒಂದೇ ಒಂದು ಪಾಠವೂ ತಪ್ಪೇ?

ಇವತ್ತು ಶುಕ್ರವಾರ, ಮಗು ಮನೆಗೆ ಬರುವ ದಿನ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸ್ತಿಲು ದಾಟಬೇಕು ಎಂದು ಮಹೇಶನಿಗೆ ಹೇಳಿ ಕಳಿಸಿದ್ದೆ. ಕೆಂಪು ಆರತಿ ನೀರು ಕಲಸಿ, ತಟ್ಟೆ ಹಿಡಿದು, ಯಜಮಾನರ ಜೊತೆ ಗೇಟಿನ ಹತ್ತಿರ ನಿಂತೆ. ಬಿಳಿ ಕಾರು ಬಂತು. ಹಿಂದಿನ ಬಾಗಿಲಿನಿಂದ ಒಬ್ಬ ಹುಡುಗಿ ಬಿಳಿ ಟವೆಲಿನ ಗಂಟನ್ನು ಎದೆಗವಚಿಕೊಂಡು ಇಳಿದಳು. ನನ್ನ ಕಣ್ಣು ಆಗಲೇ ಒದ್ದೆಯಾಗಿತ್ತು, ಕಂಡದ್ದು ಟವೆಲಷ್ಟೇ. ಆರತಿ ಬೆಳಗಿದೆ, ದೃಷ್ಟಿ ತೆಗೆದೆ, ಟವೆಲಿನೊಳಗೆ ಬೆರಳು ಹಾಕಿ ಕುಂಕುಮ ಇಟ್ಟೆ, ನೀರನ್ನು ಕಾರಿನ ಮುಂದೆ ಚೆಲ್ಲಿದೆ. ನನ್ನಂತೆಯೇ ಕನ್ನಡಕ ಒಳಗೇ ಮರೆತು ಬಂದಿದ್ದ ಯಜಮಾನರು ಬಗ್ಗಿ ನೋಡಿ, "ಮೂಗು ನಿನ್ನದೇ ಕಣೇ" ಎಂದರು. ಮಗು ಸೀನಿತು. ಆಮೇಲೆ ಬೊಗಳಿತು. ಪಕ್ಕದ ಮನೆಯ ಚೀನೀ ಹುಡುಗಿ ಹೊಸ ನಾಯಿಮರಿ ತಂದಿದ್ದಳು. "ಥ್ಯಾಂಕ್ಯೂ ಆಂಟಿ" ಎಂದು ಕೈಮುಗಿದು, ಕುಂಕುಮದ ಮರಿಯೊಂದಿಗೆ ಒಳಗೆ ಹೋದಳು.

ಅಷ್ಟರಲ್ಲಿ ಮಹೇಶನ ಫೋನು. "ಅತ್ತೆ, ಕಾರ್ ಸ್ಟಾರ್ಟ್ ಆಗ್ತಿಲ್ಲ. ಬ್ಯಾಟರಿ ಹೋಗಿದೆ. ಬಾಡಿಗೆ ಕಾರ್ ಕರೆಸ್ತೀನಿ."

"ಯಾವ ಬಣ್ಣದ್ದು?" ಎಂದೆ.

"ಗೊತ್ತಿಲ್ಲ ಅತ್ತೆ, ಬಿಳೀದೇ ಇರಬಹುದು."

ನನಗೆ ಅಳು ಬಂತು. ಗೇಟಿನಾಚೆ ನಿಂತು ನಾಯಿಮರಿಯ ಆರತಿ ನೋಡಿ ನಗುತ್ತಿದ್ದ ಸೆಲ್ವಂ ನಗು ನಿಲ್ಲಿಸಿದರು. "ಅಳಾದೀಂಗಮ್ಮಾ. ನಾನ್ ಪೋಯಿ ಕೂಟ್ಟಿಟ್ಟು ವರೇನ್. ಅಂಬಾಸಿಡರ್‌ಲೇ" ಎಂದು, ತಾವೇ ಹೋಗಿ ಕರೆತರಲು ಶೆಡ್ಡಿನ ಬಾಗಿಲು ತೆರೆದರು. ಮಗುವಿನ ಸೀಟು ಕೂರುತ್ತದೋ ಇಲ್ಲವೋ ಎಂದು ಮಹೇಶ ಫೋನಿನಲ್ಲೇ ಹತ್ತು ಪ್ರಶ್ನೆ ಕೇಳಿದ. ತಮ್ಮ ಮೊಮ್ಮಕ್ಕಳಿಗೆಂದು ಹಿಂದಿನ ಸೀಟಿಗೆ ಒಳ್ಳೆ ಬೆಲ್ಟ್ ಹಾಕಿಸಿರುವುದಾಗಿ ಸೆಲ್ವಂ ಹೇಳಿದ ಮೇಲೆ ಒಪ್ಪಿದ.

ಗಡಿಯಾರ ಹತ್ತೂವರೆ ದಾಟಿತು. ಹನ್ನೊಂದಾಯಿತು. ನನ್ನ ಮುಖ ನೋಡಲಾಗದೆ ಯಜಮಾನರು ತಮ್ಮ ಕೈಗಡಿಯಾರ ಮುಂದೆ ಹಿಡಿದರು. ಅದನ್ನು ಅವರು ಇಲ್ಲಿಯ ಟೈಮಿಗೆ ತಿರುಗಿಸಿಯೇ ಇಲ್ಲ. "ನೋಡೇ, ತಿಪಟೂರಲ್ಲಿ ಇನ್ನೂ ಎಂಟೂವರೆ. ನಮ್ಮ ರಾಹು ಹಲ್ಲುಜ್ಜುತ್ತಿರ್ತಾನೆ." ರಾಹು ಯಾವ ದೇಶದ ಗಡಿಯಾರ ನೋಡುತ್ತಾನೆ? ಬೇರೆ ದಿನವಾಗಿದ್ದರೆ ನಾನು ವಾದ ಮಾಡುತ್ತಿದ್ದೆ. ಇವತ್ತು ಒಪ್ಪಿಕೊಂಡೆ.

ತಿರುವಿನಲ್ಲಿ ಆ ಮುಖ ಕಂಡಿತು. ದುಂಡು ಕಣ್ಣು, ಉಬ್ಬಿದ ಹಣೆ, ಹಲ್ಲು ಕಾಣುವಂಥ ನಗು. ಅದಕ್ಕೆ ಕನ್ನಡಕವೂ ಬೇಡ, ನಂಬರೂ ಬೇಡ. ಹಿಂದಿನ ಸೀಟಿನಲ್ಲಿ ನನ್ನ ಮಗಳು, ಪಕ್ಕದಲ್ಲಿ ಅಂಗೈಯಗಲದ ಮುಖದ ನನ್ನ ಮೊಮ್ಮಗಳು. ಇದ್ದ ಕುಂಕುಮವೆಲ್ಲ ಮೊದಲನೇ ಆರತಿಗೇ ಖರ್ಚಾಗಿತ್ತು. ಎರಡನೆಯ ನೀರಿಗೆ ಅರಿಶಿನ ಸುಣ್ಣವನ್ನೇ ಕಲಸಿ ಕೆಂಪು ಮಾಡಿದ್ದೆ. ಬೆಳಗುವ ಅವಸರದಲ್ಲಿ ಅರ್ಧ ಬಾನೆಟ್ಟಿನ ಮೇಲೆ ಚೆಲ್ಲಿತು. ಸೆಲ್ವಂ ಒರೆಸಲಿಲ್ಲ.

ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸುಧಾಳಿಗೆ ಮೆಣಸಿನ ಸಾರು, ಉಳಿದವರಿಗೆ ಬಸ್ಸಾರು, ಹೆಸರುಬೇಳೆ ಪಾಯಸ. ಸೆಲ್ವಂ ಅವರನ್ನೂ ಬಿಡಲಿಲ್ಲ. ಮೇಜಿನ ತುದಿಗೆ ಆನಿಸಿಟ್ಟ ಫೋನಿನಲ್ಲಿ ದಾವಣಗೆರೆಯಿಂದ ಮಹೇಶನ ತಾಯಿ, ನಮ್ಮ ಬೀಗಿತ್ತಿ, ಅವರೂ ತಟ್ಟೆ ಹಿಡಿದು ಕೂತಿದ್ದರು. "ಮೂಗು ನಮ್ಮ ಕಡೆಯದು ನೋಡ್ರೀ" ಎಂದರು. "ಇಲ್ಲ ಬಿಡಿ, ಅಚ್ಚು ನಮ್ಮದೇ. ಮುಖ ಗುರುತು ಹಿಡಿಯೋದ್ರಲ್ಲಿ ನಾನು ತಪ್ಪೋದಿಲ್ಲ" ಎಂದೆ. ಯಜಮಾನರು ಸಾರು ನೆತ್ತಿಗೇರಿ ಕೆಮ್ಮಿದರು. ಪಕ್ಕದ ಮನೆಯಲ್ಲಿ ಮರಿ ಬೊಗಳಿತು.

ಮೂರನೇ ಸಲ ಸಾರು ಹಾಕಿಸಿಕೊಂಡ ಸೆಲ್ವಂ, "ಸರಿಮ್ಮಾ, ಇನ್ನು ಅದು ಅಂಬಾಸಿಡರ್‌ದಾನ್" ಎಂದು ಸೋಲೊಪ್ಪಿಕೊಂಡರು. ಗೆದ್ದ ಖುಷಿಯಲ್ಲಿ ಸುಧಾಳ ತೋಳಿನಲ್ಲಿದ್ದ ಮಗುವನ್ನು ಬಗ್ಗಿ, ಈ ಸಲ ಕನ್ನಡಕ ಹಾಕಿಕೊಂಡೇ ನೋಡಿದೆ. ಮೂಗು ಬೀಗಿತ್ತಿಯದೇ, ಒಂದು ಎಳೆಯೂ ಆಚೀಚೆ ಇಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಕೊಂಡು ಕಲಸತೊಡಗಿದೆ.