ವ್ಯತ್ಯಾಸ ಸೊನ್ನೆ

ಗುರುಪಾದ ಕಾಕಾ ಮೇಜಿನ ಮೇಲಿನ ಬಟ್ಟೆಯನ್ನು ಸರಕ್ಕನೆ ಎಳೆದರು. ಕೆಳಗಿದ್ದದ್ದು ಒಂದು ಹಳೇ ರೇಡಿಯೋ ಡಬ್ಬಿ, ಅದಕ್ಕೆ ಸಿಕ್ಕಿಸಿದ ಟಾರ್ಚು, ಪಕ್ಕದಲ್ಲಿ ಬಸ್ ಟಿಕೆಟ್ ಹರಿಯುವ ಮಶೀನು.

"ಗಿಡದ ಮ್ಯಾಲೆ ಬೆಳಕ ಬಿಟ್ರ ಸಾಕವಾ. ಎಲಿ ಕೀಳೂದೂ ಬ್ಯಾಡ, ಅರಿಯೂದೂ ಬ್ಯಾಡ. ಎರಡ ಗಿಡದ ನಡುವ ಎಷ್ಟ ವ್ಯತ್ಯಾಸ ಅಂತ ಚೀಟಿಮ್ಯಾಲೆ ಬರತೈತಿ."

ಧಾರವಾಡದ ಕಾಲೇಜೊಂದರ ಆ ಪ್ರಯೋಗಾಲಯದಲ್ಲಿ ಅವರ ಅಣ್ಣನ ಮಗಳು ಶಿವಲೀಲಾ ಆರು ವರ್ಷದಿಂದ ಒಂದೇ ಕೆಲಸಕ್ಕೆ ಅಂಟಿಕೊಂಡಿದ್ದಳು. ಪೈನ್, ದೇವದಾರು, ಸೈಪ್ರೆಸ್ ಎಂದು ಇಪ್ಪತ್ತೆರಡು ಜಾತಿಯ ಸೂಚಿಪರ್ಣಿ (ಕೋನಿಫರ್) ಸಸಿಗಳನ್ನು ಕುಂಡದಲ್ಲಿ ಬೆಳೆಸಿ, ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟಿನ ಜೀನೋಮನ್ನು ಒಂದರ ಜೊತೆ ಒಂದು ಹೋಲಿಸಿದ್ದಳು. ಯಾವುದು ಯಾವುದಕ್ಕೆ ಎಷ್ಟು ದೂರ ಎಂಬುದೇ ಅವಳ ಪಿಎಚ್.ಡಿ. ಕಳೆದ ವಾರ ಕಂಪ್ಯೂಟರು ಸುಟ್ಟು ಅಷ್ಟೂ ಅಂಕಿಅಂಶ ಹೋಯಿತು. ಇವತ್ತು ಮಧ್ಯಾಹ್ನ ಮೌಖಿಕ ಪರೀಕ್ಷೆ. ರೇಡಿಯೋ ರಿಪೇರಿಯ ಕಾಕಾನನ್ನು ನಂಬುವ ಗತಿ ಅವಳಿಗೆ ಬಂದದ್ದು ಹಾಗೆ.

ಮೊದಲ ಚೀಟಿ ಬಂತು. ಪೈನ್, ದೇವದಾರು: ವ್ಯತ್ಯಾಸ ನಾಲ್ಕು ಸಾವಿರದ ಮುನ್ನೂರು. ಅವಳ ನೆನಪಿನ ಲೆಕ್ಕವೂ ಅದೇ! ಶಿವಲೀಲಾ ವಾರದ ನಂತರ ಮೊದಲ ಸಲ ನಕ್ಕಳು.

ಎರಡನೆಯ ಚೀಟಿಯಲ್ಲಿ ನಲವತ್ತು. ಮೂರನೆಯದರಲ್ಲಿ ಮೂರು. ಆಮೇಲೆ ಬಂದವೆಲ್ಲ ಸೊನ್ನೆ.

"ಮಶೀನ ಕಲ್ಯಾಕತ್ತೈತಿ," ಎಂದರು ಕಾಕಾ.

"ಏನ ಕಲ್ಯಾಕತ್ತೈತಿ?"

"ತಪ್ಪ ತಿದ್ದೂದು. ಒಂದಕ್ಕೊಂದು ಹೊಂದಲಿಲ್ಲಂದ್ರ ಅದು ತಪ್ಪ ಅಂತ ತಿಳದು ಸರಿ ಮಾಡ್ತೈತಿ."

ಶಿವಲೀಲಾ ಕುಂಡಗಳ ಕಡೆ ತಿರುಗಿದಳು. ಸೈಪ್ರೆಸ್ಸಿನ ಹುರುಪೆಯಂಥ ಎಲೆಗಳು ಒಂದೊಂದಾಗಿ ಎದ್ದು ಪೈನಿನ ಸೂಜಿಗಳಾಗುತ್ತಿದ್ದವು. ಕೊನೆಯ ಕುಂಡದಲ್ಲಿ ಅದೇ ಗುಂಪಿನದಾದರೂ ಅಗಲ ಎಲೆ ಬಿಡುವ ಪಶ್ಚಿಮ ಘಟ್ಟದ ಅಪರೂಪದ ಸಸಿ ಇತ್ತು. ಹನ್ನೊಂದು ತಾಸಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಅದರ ಎಲೆಗಳೂ ಅವಳ ಕಣ್ಣೆದುರಿಗೇ ಸುರುಳಿ ಸುತ್ತಿ ಸೂಜಿಯಾದವು.

ಅವಳು ಪ್ಲಗ್ ಕಿತ್ತಳು. ಟಾರ್ಚು ಆರಲಿಲ್ಲ; ಅದರ ಬೆಳಕು ಕುಂಡಗಳನ್ನು ದಾಟಿ ಕಿಟಕಿಯಾಚೆ ಕ್ಯಾಂಟೀನಿನವರೆಗೂ ಚಾಚಿತ್ತು.

"ಕರೆಂಟ ಹೋಗ್ತೈತಂತ ಒಳಗ ಬ್ಯಾಟರಿ ಇಟ್ಟೇನಿ."

"ತಗೀರಿ ಮತ್ತ!"

"ಬೆಸಗಿ ಹಾಕಿ ಬಿಟ್ಟೇನಲ್ಲವಾ."

ಅಷ್ಟರಲ್ಲಿ ಕ್ಯಾಂಟೀನಿನ ನೀಲವ್ವ ಸೂಜಿ ಸೂಜಿಯಾಗಿ ನಿಂತ ಕೊತ್ತಂಬರಿ ಸಿವುಡು ಹಿಡಿದು ಬಂದಳು. ಅವಳ ಬೆರಳಲ್ಲಿ ರಕ್ತ ಇತ್ತು. "ಇದನ್ನ ಚಟ್ನಿಗೆ ಹಾಕ್ಲೋ, ಕೌದಿ ಹೊಲೀಲೋ?" ಕಿಟಕಿಯ ಹೊರಗೆ ಹುಲ್ಲುಹಾಸು ಮುಳ್ಳುಹಂದಿಯ ಬೆನ್ನಿನಂತೆ ನಿಗುರಿ ನಿಂತಿತ್ತು. ಮೇಯುತ್ತಿದ್ದ ಆಕಳು ಮೂಗು ಒರೆಸಿಕೊಳ್ಳಲು ಜಾಗ ಹುಡುಕುತ್ತಿತ್ತು.

ಶಿವಲೀಲಾ ನೆಲದ ಮೇಲೆ ಕೂತಳು. ಅಳುವೂ ಬರಲಿಲ್ಲ. ಇಪ್ಪತ್ತೆರಡು ಕುಂಡ, ಇಪ್ಪತ್ತೆರಡೂ ಒಂದೇ ಗಿಡ. ಯಾವುದನ್ನು ಯಾವುದಕ್ಕೆ ಹೋಲಿಸುವುದು? ಕಾಕಾ ಪಕ್ಕದಲ್ಲಿ ಕೂತು ಮೆಲ್ಲಗೆ, "ತಪ್ಪಾತವಾ," ಎಂದರು. ಅವರ ಬಾಯಿಂದ ಆ ಮಾತನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಆದರೂ ಏನೂ ಹಗುರಾಗಲಿಲ್ಲ.

ಬಾಗಿಲು ತೆರೆಯಿತು. ವಿಭಾಗದ ಮುಖ್ಯಸ್ಥೆ ಅಂಗಡಿ ಮೇಡಂ, ಹಿಂದೆ ಪರೀಕ್ಷಕರಾದ ಡಾಕ್ಟರ್ ಕಟಗೇರಿ. ಊಟ ಮುಗಿಸಿ ಬಂದ ಕಟಗೇರಿಯವರ ಗಲ್ಲದಲ್ಲಿ ವೀಳ್ಯದೆಲೆ ಇತ್ತು. ಅವರು ಸಾಲು ಕುಂಡಗಳನ್ನು ಹುಬ್ಬೇರಿಸಿ ನೋಡಿ, ಮೊದಲ ಪ್ರಶ್ನೆ ಕೇಳಲು ಯಂತ್ರದ ಮುಂದೆ ಬಂದು ಬಾಯಿ ತೆರೆದರು. ಟಾರ್ಚಿನ ಬೆಳಕು ನೇರ ಒಳಗೆ ಬಿತ್ತು.

ಬಾಯಿ ಮತ್ತೆ ಮುಚ್ಚಲಿಲ್ಲ. ತುಟಿಗಳ ನಡುವಿನಿಂದ ಹಸಿರು ಸೂಜಿಗಳ ಒಂದು ಗೊಂಚಲು ಹೊರಗೆ ಇಣುಕಿತು. ಮಶೀನು ಚೀಟಿ ಹರಿಯಿತು: ಸೊನ್ನೆ.

ಅಂಗಡಿ ಮೇಡಂ ಕನ್ನಡಕ ಸರಿಪಡಿಸಿಕೊಂಡು ಪರೀಕ್ಷಕರನ್ನು ಒಮ್ಮೆ, ಶಿವಲೀಲಾಳನ್ನು ಒಮ್ಮೆ ನೋಡಿದರು.

"ಸರ್‌ಗೆ ಒಂದ ಪೆನ್ನು, ನಾಕ ಹಾಳಿ ಕೊಡವಾ," ಎಂದರು. "ಮೌಖಿಕ ಪರೀಕ್ಷಾ ಲಿಖಿತದಾಗ ಮುಗಿಸೂಣು."