ಹಂಡೆಗೊಂದು ಮುಚ್ಚಳ

ನಮ್ಮ ರಾಜಾಜಿನಗರದ ಮನೆಯಲ್ಲಿ ಸಣ್ಣ ಕೆಲಸ ಎಂಬುದು ಯಾವತ್ತೂ ಸಣ್ಣದಾಗಿ ಮುಗಿದಿಲ್ಲ. ಬಚ್ಚಲುಮನೆಯ ಹಂಡೆಗೆ ಹೊಸ ಮುಚ್ಚಳ ತಂದದ್ದನ್ನೇ ನೋಡಿ.

೧. ಅತ್ತೆಯವರ ವ್ಯಾಪಾರ

ಆಗ ಬೀದಿಬೀದಿಯಲ್ಲೂ ಸ್ಟೀಲಿನ ಹುಚ್ಚು. ಹಳೆಯದೇನು ಕೊಟ್ಟರೂ ಹೊಳೆಯುವ ಸ್ಟೀಲ್ ಪಾತ್ರೆ ಕೊಡುವವನೊಬ್ಬ ಬುಟ್ಟಿ ಹೊತ್ತು ಬರುತ್ತಿದ್ದ. ನಾನು ಮಹಿಳಾ ಸಮಾಜದಲ್ಲಿ ಶಿಸ್ತಿನ ಬಗ್ಗೆ ಭಾಷಣ ಮಾಡುತ್ತಿದ್ದ ಮಧ್ಯಾಹ್ನವೇ ನಮ್ಮತ್ತೆಯವರು ಹಂಡೆಯ ತಾಮ್ರದ ಮುಚ್ಚಳವನ್ನು ಅವನಿಗೆ ಕೊಟ್ಟು, ಒಂದು ಸ್ಟೀಲ್ ಸೌಟು ಪಡೆದಿದ್ದರು.

"ಅಷ್ಟು ದಪ್ಪ ತಾಮ್ರಕ್ಕೆ ಒಂದೇ ಒಂದು ಸೌಟೇ?" ಎಂದೆ.

"ಒಂದೇ ಅಲ್ಲ ಕಣೇ, ಎರಡು ಕೊಡ್ತೀನಿ ಅಂದ. ಪಾಪ, ಬಡವ, ಒಂದು ಸಾಕು ಅಂತ ನಾನೇ ಬಿಟ್ಟೆ" ಎಂದರು.

೨. ಕೇರಂ ಬೋರ್ಡು

ಮುಚ್ಚಳವಿಲ್ಲದಿದ್ದರೆ ಸೌದೆ ಎಷ್ಟು ತುರುಕಿದರೂ ನೀರು ಕಾಯುವುದಿಲ್ಲ. ಸೂರಿನ ಮಸಿಯೂ ಉದುರಿ ನೀರಿಗೆ ಬೀಳುತ್ತದೆ. ಹೊಸಹಳ್ಳಿಯಿಂದ ಹಾಲು ತರುತ್ತಿದ್ದವರು, "ಒಂದು ಮೊರ ಮುಚ್ಚಿ ಅಮ್ಮಾ, ಸಾಕು" ಎಂದರು. ನನ್ನ ಹಂಡೆಗೆ ಮೊರವೇ! ಬೇರೆ ದಾರಿ ಕಾಣದೆ ಯಜಮಾನರ ಕೇರಂ ಬೋರ್ಡನ್ನು ಮುಚ್ಚಿದೆ. ಎಂಟು ದಿನ ಆವಿ ಕುಡಿದು ಬೋರ್ಡು ಒಂದು ಮೂಲೆಗೆ ವಾಲಿತು. ಅಲ್ಲಿಯವರೆಗೆ ಒಂದು ಆಟವನ್ನೂ ಗೆಲ್ಲದ ನಮ್ಮ ಯಜಮಾನರು ಆ ಮೂಲೆಯಲ್ಲಿ ಕೂತ ಮೇಲೆ ಇವತ್ತಿನವರೆಗೂ ಸೋತಿಲ್ಲ.

೩. ಮೂರು ಪ್ರತಿಗಳು

ಅಷ್ಟರಲ್ಲಿ ದೀಪಾವಳಿ ಬಂತು. ಮಗಳ ಮದುವೆಯಾದ ಮೇಲಿನ ಮೊದಲ ಹಬ್ಬ. ದಾವಣಗೆರೆಯಿಂದ ಅಳಿಯಂದಿರು ಎಣ್ಣೆಸ್ನಾನಕ್ಕೆ ಬರುವವರಿದ್ದರು. ಮದುವೆಯ ಮಾತುಕತೆಗೆ ಬಂದಾಗಲೇ ನಮ್ಮ ಬಚ್ಚಲಿಗೆ ಇಣುಕಿ ಹೋಗಿದ್ದ ಬೀಗಿತ್ತಿಯವರು, ಮಗ ಹಿಂದಿರುಗಿದ ಮೇಲೆ ನೀರು ಎಷ್ಟು ಬಿಸಿಯಿತ್ತು ಎಂದೂ ಕೇಳುವಂಥವರು. ಮುಚ್ಚಳ ಹಬ್ಬದೊಳಗೆ ಆಗಲೇಬೇಕಿತ್ತು.

ಏನು ಬೇಕೋ ಅದನ್ನು ಬರೆದು ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಹಂಡೆಯ ಬಾಯಿ ಅಳೆದು ಅಗಲ, ದಪ್ಪ, ಎಷ್ಟು ಒಳಗೆ ಕೂರಬೇಕು, ಎಷ್ಟು ಹೊಳಪಿರಬೇಕು ಎಂದು ಎರಡು ಪುಟ ಬರೆದೆ. ಸರ್ಕಾರಿ ಕಚೇರಿಯಲ್ಲಿದ್ದ ಯಜಮಾನರು ಅದನ್ನು ಮೂರು ಪ್ರತಿ ಮಾಡಿ, ನನ್ನ ಸಹಿ ಹಾಕಿಸಿ, ಫೈಲಿಗೆ ದಾರ ಕಟ್ಟಿದರು.

ಬಾಪೂಜಿ ನಗರದ ತಾಮ್ರದ ಕೆಲಸದವರು ತಲೆ ಕೆರೆದುಕೊಂಡರು. "ಅಮ್ಮಾವ್ರೇ, ನಮ್ಮಪ್ಪನ ಕಾಲದಿಂದ ಮುಚ್ಚಳ ಬಡೀತಾ ಇದೀವಿ. ನಮಗೆ ಬಿಟ್ಬಿಡಿ."

"ಬರೆದದ್ದಕ್ಕಿಂತ ಕಡಿಮೆಯೂ ಬೇಡ, ಹೆಚ್ಚೂ ಬೇಡ."

"ಹೆಚ್ಚಿಗೆ ಏನೂ ಹಾಕ್ಬಾರ್ದಾ?"

"ಏನೂ ಹಾಕಬಾರದು."

ಅವರು ನನ್ನನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿ ಮೂರು ಪ್ರತಿಗೂ ಸಹಿ ಹಾಕಿದರು. ಮಗಳ ಲಗ್ನಪತ್ರಿಕೆಗೂ ಇಷ್ಟು ಸಹಿ ಬಿದ್ದಿರಲಿಲ್ಲ.

೪. ಎಣ್ಣೆಸ್ನಾನ

ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಕಂಠಮಟ್ಟ ನೀರು ತುಂಬಿದೆವು. ಆ ಹೊತ್ತಿಗೆ ಮುಚ್ಚಳವೂ ಬಂತು. ಬಾಯಿಗಿಟ್ಟು ಕೈಬಿಟ್ಟೆ. ಒಂದಂಗುಲ ಒಳಗಿಳಿದು, ಬೆರಳು ತೂರಲೂ ಸಂದಿಲ್ಲದಂತೆ ಕೂತಿತು. "ನೋಡಿದಿರಾ, ಬರೆದು ಕೊಟ್ಟರೆ ಕೆಲಸ ಹೀಗಾಗುತ್ತದೆ" ಎಂದು ಅತ್ತೆಯವರಿಗೆ ಕೇಳಿಸುವಂತೆಯೇ ಹೇಳಿದೆ.

ಬೆಳಗಿನ ಜಾವ ಮಗಳು ಆರತಿ ಎತ್ತಿದ್ದಾಯಿತು. ಅಳಿಯಂದಿರು ತಲೆಯಿಂದ ಕಾಲಿನವರೆಗೆ ಎಣ್ಣೆ ಮೆತ್ತಿಸಿಕೊಂಡು, ಕಣ್ಣುರಿಯಿಂದ ಕಣ್ಣು ಮುಚ್ಚಿ ಮಣೆಯ ಮೇಲೆ ನಡುಗುತ್ತಾ ಕೂತರು. ಹಂಡೆಯೊಳಗೆ ನೀರು ಕುದಿಯುತ್ತಿತ್ತು. ನಾನು ತಂಬಿಗೆ ಹಿಡಿದು ಮುಚ್ಚಳ ತೆಗೆಯಲು ಕೈ ಚಾಚಿದೆ.

ಹಿಡಿಯೇ ಇರಲಿಲ್ಲ.

ಇಕ್ಕಳ ತಂದರೆ ಕಚ್ಚಲು ಅಂಚಿಲ್ಲ. ಹಂಡೆಯನ್ನು ಬಗ್ಗಿಸೋಣವೆಂದರೆ ಒಲೆಗೆ ಸೇರಿಸಿ ಗಾರೆ ಹಾಕಿದೆ. ಬಟ್ಟೆ ಸುತ್ತಿದ ಕೈಯಲ್ಲಿ ತಡವಿದರೆ ಕೈ ಸುಟ್ಟಿತೇ ವಿನಾ ಮುಚ್ಚಳ ಅಲುಗಲಿಲ್ಲ.

"ಏನಾದರೂ ತನ್ನಿ!" ಎಂದು ಯಜಮಾನರಿಗೆ ಕೂಗಿದೆ. ಅವರು ಓಡಿಹೋಗಿ ಫೈಲು ತಂದರು.

"ಎರಡೂ ಪುಟ ನೋಡಿದೆ. ಹಿಡಿ ಅಂತ ಎಲ್ಲೂ ಬರೆದಿಲ್ಲ. ಕೆಳಗೆ ಸಹಿ ನಿಂದೇ."

ಅಳಿಯಂದಿರು ಕಣ್ಣು ಬಿಡದೆಯೇ ಹೇಳಿದರು: "ಅತ್ತಿಯವ್ರ, ತಣ್ಣೀರಾದ್ರೂ ನಡೀತೈತ್ರಿ."

ಮೊದಲ ದೀಪಾವಳಿಗೆ ಅಳಿಯನಿಗೆ ತಣ್ಣೀರು! ದಾವಣಗೆರೆಯಲ್ಲಿ ಬೀಗಿತ್ತಿಯವರು ಮನೆಮನೆಗೂ ಹೋಗಿ ಹೇಳುವುದು ಆಗಲೇ ನನಗೆ ಕೇಳಿಸತೊಡಗಿತು.

ಅಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆಯವರು ನಿಧಾನವಾಗಿ ಬಂದರು. "ಸರಿ ಆಚೆ" ಎಂದವರೇ ಸ್ಟೀಲ್ ಸೌಟಿನ ತೆಳ್ಳಗಿನ ಅಂಚನ್ನು ಸಂದಿಗೆ ತೂರಿಸಿ ಒಮ್ಮೆ ಮೀಟಿದರು. ಮುಚ್ಚಳ ಎದ್ದು ಪಕ್ಕಕ್ಕೆ ಉರುಳಿತು. ಆವಿ ಸೂರಿಗೇರಿತು. ಅಳಿಯಂದಿರು "ಅಬ್ಬಾ!" ಎಂದರು.

ಅತ್ತೆಯವರು ಸೌಟನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು.

"ಹಳೇ ಮುಚ್ಚಳ ಹೋಯ್ತು, ಹೋಯ್ತು ಅಂತಿದ್ದೆಯಲ್ಲ, ತಗೋ. ಎಲ್ಲೂ ಹೋಗಿಲ್ಲ ಕಣೇ. ಹಿಡಿ ಸ್ವಲ್ಪ ಉದ್ದ ಬಂದಿದೆ, ಅಷ್ಟೇ."