ವೆನಿಸ್ಸಿಗೆ ಮೂಲೆ ಇರಲಿಲ್ಲ

ಕೆಲವರಿಗೆ ಹುಚ್ಚು ಹಿಡಿಯುತ್ತದೆ. ಕೆಲವರು ತಾವೇ ಹೋಗಿ ಅದನ್ನು ಹಿಡಿದು ತರುತ್ತಾರೆ. ನಾನು ಎರಡನೆಯ ಜಾತಿ. ಬ್ಯಾಡಗಿಯಲ್ಲಿ ಹುಟ್ಟಿದವನು ಮೆಣಸಿನಕಾಯಿಯ ಬಣ್ಣ ನೋಡಿ ದರ ಹೇಳಲು ಕಲಿಯಬೇಕು. ನಾನು ಕಲಿತದ್ದು ಇಟಲಿಯ ಊರುಗಳ ಚಿತ್ರದ ಕಾರ್ಡು, ಅಂಚೆಚೀಟಿ ಕೂಡಿಸುವುದನ್ನು. ಪತ್ರಿಕೆಯೊಂದರ ಪತ್ರಮಿತ್ರರ ಅಂಕಣದಲ್ಲಿ ಸಿಕ್ಕ ಇಟಲಿಯ ಗೆಳೆಯನೊಬ್ಬ ತಾನು ಹೋದ ಊರಿನಿಂದೆಲ್ಲ ಒಂದೊಂದು ಕಾರ್ಡು ಹಾಕುತ್ತಿದ್ದ. ಅವನು ತನ್ನ ಭಾಷೆಯಲ್ಲಿ ಬರೆಯುತ್ತಿದ್ದ, ನಾನು ನನ್ನ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯದ ಕಾರಣ ಸ್ನೇಹ ಗಟ್ಟಿಯಾಗಿತ್ತು. ಊರಿನವರ ದನಿಯನ್ನೆಲ್ಲ ಅಣಕಿಸುವ ನನಗೆ ಇಟಲಿಯವರ ದನಿ ಯಾವ ಲೆಕ್ಕ? ಕಾರ್ಡು ಬಂದ ದಿನ ಚಹದಂಗಡಿಯಲ್ಲಿ ನಿಂತು, ಕೈ ಬೀಸಿ, ಕಣ್ಣು ತೇಲಿಸಿ, ಬಾಯಿಗೆ ಬಂದದ್ದನ್ನು ಇಟಾಲಿಯನ್ ಎಂದು ಓದುತ್ತಿದ್ದೆ. “ಏನ್ ಓದತಾನಲೇ ಹುಡುಗ!” ಎಂದು ಜನ ತಲೆದೂಗುತ್ತಿದ್ದರು. ತಪ್ಪು ಹಿಡಿಯಲು ಬ್ಯಾಡಗಿಯಲ್ಲಿ ಇಟಲಿಯವರು ಯಾರೂ ಇರಲಿಲ್ಲ.

ಈ ವ್ಯವಹಾರದಲ್ಲಿ ನನಗೊಬ್ಬ ಪಾಲುದಾರನಿದ್ದ: ಕಾಲೇಜಿನ ಗೆಳೆಯ, ಹಾವೇರಿಯ ಬಶೀರ್. ಅಂಚೆಚೀಟಿ ನನಗೆ, ಚಿತ್ರ ಅವನಿಗೆ ಎಂದು ಒಪ್ಪಂದ. ನೀರಲ್ಲಿ ನೆನೆಸಿ ಚೀಟಿ ಬಿಡಿಸಿದರೆ ಚಿತ್ರ ಉಬ್ಬುತ್ತದೆ, ಆದ್ದರಿಂದ ಚೀಟಿ ಇರುವ ಮೂಲೆಯನ್ನೇ ಕತ್ತರಿಸುತ್ತಿದ್ದೆ. ಜೊತೆಗೆ ಚಿತ್ರದಲ್ಲಿನ ಒಂದಿಷ್ಟು ಆಕಾಶವೂ ಹೋಗುತ್ತಿತ್ತು. “ಹೋಗ್ಲಿ ಬಿಡೋ ಯಾರ್, ಆಕಾಶ ತಗೊಂಡು ನಾ ಏನ್ ಮಾಡ್ಲಿ?” ಎನ್ನುತ್ತಿದ್ದ ಬಶೀರ್. ಉದಾರಿ.

ಬಹಳ ಕಾಯಿಸಿದ ವೆನಿಸ್ ಒಂದು ಭಾನುವಾರದ ಹಿಂದಿನ ದಿನ ಬಂತು. ಮೂಲೆ ಕತ್ತರಿಸಿ, ಉಳಿದದ್ದನ್ನು ಬಶೀರನಿಗೆಂದು ಪಡಸಾಲೆಯ ಗೂಡಿನಲ್ಲಿಟ್ಟೆ. ಆ ಭಾನುವಾರವೇ ಅಕ್ಕನನ್ನು ನೋಡಲು ರಾಣೆಬೆನ್ನೂರಿನವರು ಬರುವವರಿದ್ದರು. ಹುಡುಗನನ್ನು ಅಕ್ಕ ಯಾವುದೋ ಮದುವೆಯಲ್ಲಿ ಮೊದಲೇ ನೋಡಿದ್ದಳು. ಬೇರೆಯವರು ನೋಡಲು ಬಂದಾಗಲೆಲ್ಲ ತಲೆನೋವು ಬರಿಸಿಕೊಳ್ಳುತ್ತಿದ್ದವಳು ಈ ಸಲ ಬೆಳಿಗ್ಗೆಯೇ ಹೂ ಮುಡಿದು ತಯಾರಾಗಿದ್ದಳು ಎಂದರೆ ನಿಮಗೆ ತಿಳಿಯಬಹುದು.

ಹುಡುಗನ ತಂದೆ ಚಹದ ಕಪ್ಪು ಎತ್ತಿದವರು ಗೂಡಿನತ್ತ ನೋಡಿ ಹಾಗೇ ಕೆಳಗಿಟ್ಟರು. ನಮ್ಮ ಕಡೆ ಮೂಲೆ ಹೋದ ಕಾರ್ಡೆಂದರೆ ಸಾವಿನ ಸುದ್ದಿ. ಹೊಸ್ತಿಲಾಚೆ ನಿಂತು ಓದಿ ಹರಿದೊಗೆಯುತ್ತಾರೆ, ಒಳಗೆ ತರುವುದಿಲ್ಲ. ಇದು ನನಗೆ ಗೊತ್ತಿತ್ತು. ವೆನಿಸ್ಸಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

“ಯಾರು ತೀರಿಕೊಂಡಾರ್ರಿ?” ಎಂದರು ಅವರು. “ಸೂತಕ ಮುಚ್ಚಿಟ್ಟು ಹುಡುಗಿ ತೋರಸಾಕತ್ತೀರೇನು?”

“ಏ, ಹಂಗೇನಿಲ್ರಿ, ಅದು ನಮ್ಮ ಹುಡುಗನ ಹುಚ್ಚು,” ಎಂದು ಅಪ್ಪ ನನ್ನತ್ತ ತಿರುಗಿದ. “ಇಟಾಲಿಯನ್ ಬರತೈತಿ ಅಂತ ಊರ ತುಂಬ ಹೇಳ್ಕೊಂಡು ತಿರಗ್ತಿಯಲ್ಲಲೇ, ಓದು! ಯಾರೂ ಸತ್ತಿಲ್ಲ ಅಂತ ಓದಿ ತೋರ್ಸು!”

ಓದಿದೆ. ನನಗೆ ಬರುತ್ತಿದ್ದದ್ದು ಒಂದೇ ಶೈಲಿ. ಕೈ ಬೀಸಿದೆ, ಕಣ್ಣು ತೇಲಿಸಿದೆ, ಹೆದರಿಕೆಗೆ ದನಿಯೂ ನಡುಗಿತು. ಎರಡು ಸಾಲಿಗೆ ಬರುವಷ್ಟರಲ್ಲಿ ಅಜ್ಜಿ ಸೆರಗು ಕಣ್ಣಿಗೊತ್ತಿಕೊಂಡಳು. “ಅಯ್ಯ ಶಿವನೇ, ಸತ್ತಾಂವ ಹರೇದಾಂವ ಇದ್ನೇನಪಾ?”

ರಾಣೆಬೆನ್ನೂರಿನವರು ಚಪ್ಪಲಿ ಹುಡುಕತೊಡಗಿದರು. ನಾನು ಒಳಗೆ ಓಡಿ, ಆಲ್ಬಮ್ಮಿನಿಂದ ಮೂಲೆಯನ್ನು ಕಿತ್ತು ತಂದು ಕಾರ್ಡಿಗೆ ಹೊಂದಿಸಿ ತೋರಿಸಿದೆ. ಹುಡುಗನ ತಂದೆ ಬಗ್ಗಿ ನೋಡಿದರು. “ಬರೋಬರಿ ಕೂಡ್ತೈತಿ. ಆದ್ರ ಅಂಟಸೂತನಕ ನಾ ಚಾ ಕುಡಿಯಾಂಗಿಲ್ಲ ನೋಡ್ರಿ.”

ನಾನು ಗೋಂದು ಹುಡುಕುತ್ತಿರುವಾಗ, ಕರೆಯದೆ ಹೊರಗೆ ಬರಬಾರದೆಂದು ಕಟ್ಟಪ್ಪಣೆಯಿದ್ದ ಅಕ್ಕ ಒಂದು ಹಿಡಿ ಅನ್ನದ ಸಮೇತ ಬಂದೇಬಿಟ್ಟಳು. ಅಲ್ಲಿಯತನಕ ನೆಲ ನೋಡುತ್ತಿದ್ದ ಹುಡುಗ “ನಾ ಹಿಡಿತೀನ್ರಿ” ಎಂದು ಎದ್ದ. ಅವನು ವೆನಿಸ್ ಹಿಡಿದ, ಅವಳು ಅನ್ನ ಹಿಚುಕಿ ಹಚ್ಚಿದಳು. ಅಷ್ಟು ಸಣ್ಣ ಮೂಲೆಗೆ ಅಷ್ಟು ಹೊತ್ತು ಬೇಕಿರಲಿಲ್ಲ. ನನ್ನ ಅಂಚೆಚೀಟಿಯ ಮೇಲೆ ಗಂಜಿ ಹರಿಯುತ್ತಿತ್ತು, ಯಾರೂ ವಿಚಾರಿಸಲಿಲ್ಲ.

ಆರಿದ ಚಹ ಕುಡಿದು ಹೊರಡುವಾಗ ಹುಡುಗನ ತಂದೆ ಅಪ್ಪನಿಗೆ ಹೇಳಿದರು: “ಹುಡುಗಿ ಒಪ್ಪಿಗಿ ಐತ್ರಿ. ಆದ್ರ ಮದುವ್ಯಾಗ ನಿಮ್ಮ ಹುಡುಗನ ಕಡೆ ಏನೂ ಓದಸಬ್ಯಾಡ್ರಿ.”

ಸಂಜೆ ಈ ಮಾತನ್ನು ಅವರದೇ ದನಿಯಲ್ಲಿ, ಕಪ್ಪು ಕೆಳಗಿಡುವ ಠೀವಿಯ ಸಮೇತ ಮಾಡಿ ತೋರಿಸಿದೆ. ಅಪ್ಪ ನಕ್ಕ, ಅಜ್ಜಿ ನಕ್ಕಳು. ನಾನು ಯಾರನ್ನು ಅಣಕಿಸಿದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಅಕ್ಕ ಮಾತ್ರ ಮುಖ ಗಂಟಿಕ್ಕಿ, “ಸಾಕ್ ಮಾಡಲೇ, ನಮ್ಮ ಮಾವಾರ್ನ ಹಂಗ ಅಣಕಸಬ್ಯಾಡ,” ಎಂದಳು. ಇನ್ನೂ ನಿಶ್ಚಿತಾರ್ಥವೇ ಆಗಿರಲಿಲ್ಲ. ನಾನು ಅಕ್ಕನ ದನಿಯಲ್ಲಿ ಆ ಮಾತನ್ನೂ ಒಮ್ಮೆ ಹೇಳಿ ನೋಡಿದೆ. ಯಾಕೋ ಆ ದನಿ ಸರಿಯಾಗಿ ಬರಲಿಲ್ಲ.